ಎಲ್ಲರೂ ಸೇರಿ ತೆಗೆಸಿದ ಪುಟ

ಮನೆಯ ಫೋನನ್ನು ಈಗ ನಂಜುಂಡಪ್ಪನವರೇ ಎತ್ತುತ್ತಿದ್ದರು. ಹೆಂಡತಿ ಪಾರ್ವತಿಯ ಕಿವಿಗೆ, ಮಗಳು ಶ್ರಾವ್ಯಾಳ ಕಿವಿಗೆ ಆ ಮಾತುಗಳು ಬೀಳಬಾರದೆಂದು. ಯಾರೋ ಇಂಟರ್ನೆಟ್ಟಿನಲ್ಲಿ ಶ್ರಾವ್ಯಾಳ ಹೆಸರಿನಲ್ಲಿ ಒಂದು ಪುಟ ಮಾಡಿ, ಅವಳ ಫೋಟೊ ಹಾಕಿ, ಹೇಳಬಾರದ ಸಾಲುಗಳ ಕೆಳಗೆ ಕೋಲ್ಕತ್ತದ ಗಾರ್ಡನ್ ರೀಚಿನ ಈ ಮನೆಯ ನಂಬರು ಕೊಟ್ಟಿದ್ದರು. ಗುರುತಿಲ್ಲದ ಗಂಡಸರು ಹಿಂದಿಯಲ್ಲಿ, ಬಂಗಾಳಿಯಲ್ಲಿ ಅವಳ ದರ ಕೇಳುತ್ತಿದ್ದರು. ಹಡಗು ಕಟ್ಟೆಯ ಸದ್ದಿನಲ್ಲಿ ದುಡಿದು ಅರ್ಧ ಮಂದವಾಗಿದ್ದ ಅವರ ಕಿವಿಗೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು.

ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಶ್ರಾವ್ಯಾ ಶನಿವಾರ ಒಬ್ಬಳೇ ಹೋಗಿ ಪೊಲೀಸರಿಗೆ ದೂರು ಕೊಟ್ಟು ಬಂದಳು. ಇದಕ್ಕೆ ಕಾನೂನಿದೆ ಎಂದು ಅಧಿಕಾರಿ ಹೇಳಿದ್ದರಂತೆ. ಸೋಮವಾರ ಆ ವೆಬ್‌ಸೈಟಿನವರಿಗೆ ಪತ್ರ ಹೋಗುತ್ತದೆ, ಪುಟ ಯಾವ ಕಂಪ್ಯೂಟರಿನಿಂದ ಬಂತೆಂದು ಅವರು ತಿಳಿಸುತ್ತಾರೆ, ಅಲ್ಲಿಯವರೆಗೆ ಪುಟ ಹಾಗೇ ಇರಬೇಕು.

“ಇನ್ನೆರಡು ದಿನ ತಡ್ಕೊ ಅಪ್ಪ,” ಎಂದಳು. “ಯಾರು ಅಂತ ಗೊತ್ತಾಗ್ಲೇಬೇಕು ನಂಗೆ.”

ಅವರು ತಲೆಯಾಡಿಸಿದರು. ಅಂದು ರಾತ್ರಿಯೂ ಫೋನನ್ನು ಅವರೇ ಎತ್ತಿದರು.

ಭಾನುವಾರ ಬೆಳಿಗ್ಗೆ ಕಾಫಿಪುಡಿಗೆಂದು ಲೇಕ್ ಮಾರ್ಕೆಟ್ಟಿಗೆ ಹೋದಾಗ ಕನ್ನಡ ಸಂಘದವರು ಎಂದಿನಂತೆ ಅಂಗಡಿಯ ಮುಂದೆ ಸೇರಿದ್ದರು. ಯಾಕೆ ಮುಖ ಹೀಗಿದೆ ಎಂದು ಕಾರ್ಯದರ್ಶಿ ಪುರುಷೋತ್ತಮ ಕೇಳಿದ್ದೇ ತಡ, ನಂಜುಂಡಪ್ಪನವರು ಎಲ್ಲ ಹೇಳಿಕೊಂಡು ಅತ್ತುಬಿಟ್ಟರು. ಸುತ್ತಲಿಂದ ಕೈಗಳು ಹೆಗಲ ಮೇಲೆ ಬಂದವು. ಪುಟದ ಕೆಳಗೆ ದೂರಿಗೊಂದು ಗುಂಡಿಯಿದೆ, ತುಂಬ ಜನ ಒತ್ತಿದರೆ ಕಂಪನಿಯವರು ತೆಗೆದುಹಾಕುತ್ತಾರೆ ಎಂದು ಯಾರೋ ಹೇಳಿದರು.

ಸಂಘದ ರೀತಿಯೇ ಹಾಗೆ. ರಕ್ತ ಬೇಕಾಗಲಿ, ಹೊಸಬರಿಗೆ ಬಾಡಿಗೆ ಮನೆ ಬೇಕಾಗಲಿ, ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಸಂಜೆಯೊಳಗೆ ಮುಗಿಸುತ್ತಾರೆ. ದೂರದ ಬಾರಾನಗರದವರೂ ಒತ್ತಿದರು. ಮನೆಯಲ್ಲಿ ಕಂಪ್ಯೂಟರಿಲ್ಲದವರು ಸೈಬರ್ ಕೆಫೆಗೆ ಹೋಗಿ ಒತ್ತಿದರು. ಕತ್ತಲಾಗುವ ಮೊದಲೇ ಪುಟ ಮಾಯವಾಯಿತು. ಪುರುಷೋತ್ತಮ ಸಂದೇಶ್ ಸಿಹಿಯ ಪೊಟ್ಟಣ ಹಿಡಿದು ಮನೆಗೇ ಬಂದ.

“ನಿನಗೋಸ್ಕರ ಎಲ್ರೂ ನಿಂತ್ರಮ್ಮ,” ಎಂದು ನಂಜುಂಡಪ್ಪನವರು ಮಗಳಿಗೆ ಹೇಳಿದರು.

ಶ್ರಾವ್ಯಾ ಸಿಹಿ ಕೈಯಲ್ಲಿ ಹಿಡಿದುಕೊಂಡೇ ಕುಳಿತಳು.

ಪೊಲೀಸರು ಆದರೂ ಪತ್ರ ಬರೆದರು. ತೆಗೆದುಹಾಕಿದ ಪುಟದ ದಾಖಲೆ ತಮ್ಮಲ್ಲಿ ಉಳಿದಿಲ್ಲ ಎಂದು ಕಂಪನಿಯಿಂದ ಉತ್ತರ ಬಂತು. ಅಧಿಕಾರಿ ಬೇಸರದಿಂದಲೇ ಅದನ್ನು ಓದಿ ಹೇಳಿದರಂತೆ.

ಆ ಸಂಜೆ ಅವಳು ಅಪ್ಪನೊಂದಿಗೆ ಬಾಲ್ಕನಿಯಲ್ಲಿ ನಿಂತಿದ್ದಳು. ಒಳಗೆ ಪಾರ್ವತಿ ದೀಪ ಹಚ್ಚುತ್ತಿದ್ದಳು. ನಂಜುಂಡಪ್ಪನವರು, ಪುಟ ಹೋಯಿತಲ್ಲ, ಫೋನೂ ನಿಂತಿತಲ್ಲ, ಅಷ್ಟೇ ಸಾಕೆಂದುಕೋ ಎಂದರು.

“ಅಪ್ಪ, ಆ ಫೋಟೊ ಯಾವುದು ನೋಡಿದ್ಯಾ?”

ಅವರು ನೋಡಿರಲಿಲ್ಲ. ನೋಡುವ ಧೈರ್ಯವಿರಲಿಲ್ಲ.

“ಸಂಘದ ಯುಗಾದಿ ಊಟದ್ದು. ನಾನು ಹೋಳಿಗೆ ಬಡಿಸ್ತಿದ್ದೆ. ಅದನ್ನ ಸಂಘದವ್ರಿಗೆ ಮಾತ್ರ ಮೇಲ್ ಮಾಡಿದ್ರು. ಬೇರೆ ಯಾರ ಹತ್ರಾನೂ ಇಲ್ಲ.”

ನಂಜುಂಡಪ್ಪನವರು ಕಂಬಿ ಹಿಡಿದುಕೊಂಡರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕಾಗಿರಲಿಲ್ಲ. ಊರು ಬಿಟ್ಟು ಬಂದ ಮೇಲೆ ಅಪ್ಪನಿಗಿರುವ ನೆಂಟರೆಲ್ಲ ಸಂಘದವರೇ ಎಂದು ಮಗಳಿಗೆ ಗೊತ್ತಿತ್ತು. ಪುಟ ಮಾಡಿದವರ ಹೆಸರು ಕೈಗೆ ಬರುವವರೆಗೆ ಅಪ್ಪನಿಂದ ಅವರನ್ನೆಲ್ಲ ಕಿತ್ತುಕೊಳ್ಳಬಾರದೆಂದು ಅವಳು ಕಾದಿದ್ದಳು.

“ತೆಗೆಸಿಬಿಡೋಣ ಅಂತ ಮೊದಲು ಹೇಳಿದ್ದು ಯಾರಪ್ಪ?”

ಅವರು ನೆನಪಿಸಿಕೊಳ್ಳಲು ನೋಡಿದರು. ಕಣ್ಣು ತುಂಬಿದ್ದರಿಂದ ಅಂದು ಯಾರ ಮುಖವೂ ಸರಿಯಾಗಿ ಕಂಡಿರಲಿಲ್ಲ. ಹೆಗಲ ಮೇಲಿದ್ದ ಕೈಗಳಷ್ಟೇ ನೆನಪಿದ್ದವು, ಎಲ್ಲವೂ ಬೆಚ್ಚಗಿದ್ದವು.

“ಗೊತ್ತಿಲ್ಲಮ್ಮ,” ಎಂದರು.