ಮೂವತ್ತೆರಡನೆಯ ಕಂದು

ಬಗಲಲ್ಲಿದ್ದ ಹಾಳೆಯ ಸುರುಳಿಯನ್ನು ಬಿಡದೆ, ಪ್ರಕಾಶಕ ಮಿಹಿರ್ ಒಂದೇ ಕೈಯಲ್ಲಿ ಶ್ಯಾಮಸುಂದರರ ಶವದ ಕಾಲ ಬಳಿ ರಜನೀಗಂಧದ ಮಾಲೆ ಇಟ್ಟರು. ಆಮೇಲೆ ಕೈಗಡಿಯಾರ ನೋಡಿಕೊಂಡರು.

“ಬೌದಿ, ಇವತ್ತು ಕೇಳಬಾರದು,” ಎಂದು ಬಂಗಾಳಿಯಲ್ಲಿ ಅತ್ತಿಗೆ ಎಂದು ಕರೆದು, ಹಿಂದಿಯಲ್ಲಿ ಶುರುಮಾಡಿದರು. “ಪ್ರೆಸ್ಸಿನಲ್ಲಿ ಮೆಷಿನ್‌ಗೆ ಇಂಕ್ ಹಾಕಿಯಾಗಿದೆ. ಮೂರು ಗಂಟೆಯೊಳಗೆ ಮುಖಪುಟದ ಬಣ್ಣಕ್ಕೆ ಮನೆಯವರ ಒಪ್ಪಿಗೆ ಸಹಿ ಬೀಳದಿದ್ದರೆ ತೊಳೆದು ಬೇರೆ ಕೆಲಸ ಹಾಕಿಬಿಡುತ್ತಾರೆ. ಸೋಮವಾರ ಪುಸ್ತಕ ಬಿಡುಗಡೆ.”

ಸುಭದ್ರಾ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. “ಆಸ್ಪತ್ರೇಲೂ ಅದೇ ಧ್ಯಾನ ಇವರಿಗೆ. ಮಿಹಿರ್ ಬಂದ್ರಾ, ಹಾಳೆ ತಂದ್ರಾ ಅಂತ. ವಿನಯನ್ನ ಕೇಳಿ.”

ಕೇವಡಾತಲಾ ಸ್ಮಶಾನದಲ್ಲಿ ಅವರದು ನಾಲ್ಕನೆಯ ಸರದಿ. ಮಗ ವಿನಯ ಬಾಗಿಲಿನಿಂದ ಕೌಂಟರಿಗೆ, ಕೌಂಟರಿನಿಂದ ಬಾಗಿಲಿಗೆ ನಡೆಯುತ್ತಲೇ ಇದ್ದ. ಅವನಿಗೆ ಕಸ್ಬಾದ ತನ್ನ ಆಫೀಸಿನಿಂದ ಎರಡು ಸಲ ಫೋನ್ ಬಂದಿತ್ತು. ಮಿಹಿರ್ ಬೆಂಚಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಎರಡು ಹಾಳೆ ಬಿಡಿಸಿದರು. ಮುಖಪುಟ ಒಂದೇ, ಕಂದು ಎರಡು. ಒಂದು ತುಸು ಕೆಂಪಗೆ, ಇನ್ನೊಂದು ಮಂಕು.

“ಯಾವ ಬ್ರೌನ್ ಆದ್ರೇನು ಅಂಕಲ್? ಇದು ಬ್ರೈಟ್ ಆಗಿದೆ,” ಎಂದು ವಿನಯ ಕೆಂಪಗಿದ್ದುದನ್ನು ಎಳೆದುಕೊಂಡು ಪೆನ್ನು ಕೇಳಿದ.

ಗೋಡೆಗೆ ಒರಗಿ ನಿಂತಿದ್ದ ಕೋಕಿಲಾ ನೆಟ್ಟಗಾದಳು. ಅವಳು ಲೇಕ್ ಮಾರ್ಕೆಟಿನ ಕಾಫಿಪುಡಿ ಅಂಗಡಿಯವರ ಮಗಳು, ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ನಾಲ್ಕು ವರ್ಷಗಳಿಂದ ಮಧ್ಯಾಹ್ನದ ಹೊತ್ತು ಶ್ಯಾಮಸುಂದರರ ಬಣ್ಣದ ಬಟ್ಟಲು ತೊಳೆಯುತ್ತಿದ್ದಳು. ಆಮೇಲಾಮೇಲೆ ಬಣ್ಣವನ್ನೂ ಬೆರೆಸುತ್ತಿದ್ದಳು.

* * *

ಸರ್ಕಾರಿ ಕಚೇರಿಯಲ್ಲಿ ನಕಾಶೆ ಬರೆದು ನಿವೃತ್ತರಾದ ಮೇಲೆ ಶ್ಯಾಮಸುಂದರರು ಜಾದವ್‌ಪುರದ ಮಿಹಿರರ ಸಣ್ಣ ಪ್ರಕಾಶನಕ್ಕೆ ಚರಿತ್ರೆ ಪುಸ್ತಕಗಳ ಮುಖಪುಟ ಮಾಡತೊಡಗಿದ್ದರು. ಮೂವತ್ತೊಂದು ಪುಸ್ತಕ, ಎಲ್ಲವೂ ಕಂದು.

“ಬೇಜಾರಾಗಲ್ವಾ ಮಾಮ? ಒಂದ್ಸಲ ಹಸಿರು ಹಾಕಿ,” ಎಂದಿದ್ದಳು ಕೋಕಿಲಾ.

“ನಾನು ಹಬ್ಬಕ್ಕೆ ತಂದ ಕಂದು ಸೀರೆ ಮಡಿಕೆ ಬಿಚ್ಚಿ ನೋಡಿ ನಿಮ್ಮತ್ತೇನೂ ಇದನ್ನೇ ಅಂದ್ಲು,” ಎಂದು ನಕ್ಕರು. “ಸಂಜೆ ದೀಪ ಹಾಕೋ ಮುಂಚೆ ಲೈಬ್ರರೀಲಿ ಕೂತಿದೀಯೇನೆ?”

ಕೋಕಿಲಾ ಯಾವ ಲೈಬ್ರರಿಯಲ್ಲೂ ಕೂತಿರಲಿಲ್ಲ. ಮರುದಿನವೇ ಕರೆದುಕೊಂಡು ಹೋದರು. ಹಳೆಯ ಮೇಜು, ಪುಸ್ತಕಗಳ ಬೆನ್ನು, ಬಗ್ಗಿದ ತಲೆಗಳು. ಬೆಳಕು ಇಳಿದಂತೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿತು. ದೀಪ ಹೊತ್ತಿದೊಡನೆ ಅದು ಹೋಯಿತು.

“ನೋಡಿದ್ಯಾ? ನಂಗದು ಬೇಕು.”

ಅಚ್ಚಿನ ಮಾದರಿ ಬಂದಾಗಲೆಲ್ಲ ಅವರು ಅದನ್ನು ಬೀದಿಯ ಚಹಾ ಅಂಗಡಿಗೆ ಒಯ್ಯುತ್ತಿದ್ದರು. ಮಣ್ಣಿನ ಲೋಟದಲ್ಲಿ ಚಹಾ ಕುಡಿದು, ಲೋಟದ ಒಳಗಿನ ಒದ್ದೆ ಬಣ್ಣದ ಪಕ್ಕ ಹಾಳೆ ಹಿಡಿದು, ಬಿಸಿಲಲ್ಲಿ ನೋಡುತ್ತಿದ್ದರು. ಹೊಂದಿದರೆ ಸಹಿ. ಕಣ್ಣಿಗೆ ಪೊರೆ ಬಂದ ಮೇಲೆ ಚಹಾ ಮಾತ್ರ ಅವರು ಕುಡಿಯುತ್ತಿದ್ದರು. ನೋಡುತ್ತಿದ್ದವಳು ಕೋಕಿಲಾ. ಹೀಗೆ ಆರು ಪುಸ್ತಕ ಹೊರಬಂದವು.

“ಅತ್ತೆಗೆ ಹೇಳ್ಬೇಡ. ಎಳ್ಕೊಂಡು ಹೋಗಿ ಆಪರೇಷನ್ ಮಾಡಿಸ್ಬಿಡ್ತಾಳೆ.”

* * *

“ಬೇಡ,” ಎಂದಳು ಕೋಕಿಲಾ. ಯಾರಿಗೂ ಕೇಳಿಸಲಿಲ್ಲ. ಪೆನ್ನು ಹಾಳೆಯ ಮೂಲೆಗೆ ತಾಗುತ್ತಿತ್ತು. ಅವಳು ಹೋಗಿ ಹಾಳೆಯ ಮೇಲೆ ಅಂಗೈ ಇಟ್ಟಳು. “ಬೇಡ ವಿನಯಣ್ಣ. ಇದಲ್ಲ.”

“ನೀನ್ಯಾರು ಹೇಳೋಕೆ?”

“ಅವಳು ನೋಡ್ಲಿ ಬಿಡೋ,” ಎಂದರು ಸುಭದ್ರಾ, ಕೂತಲ್ಲಿಂದಲೇ. “ಕೊನೇ ಆರು ಅವಳೇ ನೋಡಿದ್ದು. ನಿಮ್ಮಪ್ಪ ಪೇಪರನ್ನ ತಲೆಕೆಳಗೆ ಹಿಡ್ಕೊಂಡು ಓದ್ತಿದ್ರು. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರು ಪಾಪ.”

ಕೋಕಿಲಾ ತಲೆ ಎತ್ತಲಿಲ್ಲ. ಎರಡೂ ಹಾಳೆ ಎತ್ತಿಕೊಂಡು ಎದುರಿನ ಚಹಾ ಅಂಗಡಿಗೆ ನಡೆದಳು. ಮಿಹಿರ್ ಹಿಂದೆಯೇ ಓಡಿದರು. ಗಂಟೆ ಎರಡೂಕಾಲು. ಮಣ್ಣಿನ ಲೋಟ ಬಾಯಿಗಿಡುವಷ್ಟರಲ್ಲಿ ಸ್ಮಶಾನದ ಒಳಗಿನಿಂದ ಸರದಿಗೆ ಶ್ಯಾಮಸುಂದರರ ಹೆಸರು ಕೂಗಿದ್ದು ಕೇಳಿಸಿತು. ನಾಲಿಗೆ ಸುಟ್ಟರೂ ಗಟಗಟನೆ ಕುಡಿದಳು. ಬಿಸಿಲಿಗೆ ಹಾಳೆ ಹಿಡಿದಳು, ಪಕ್ಕದಲ್ಲಿ ಲೋಟ ಓರೆ ಮಾಡಿದಳು. ಮಂಕಾದುದರ ಮೇಲೆ ಬೆರಳಿಟ್ಟಳು.

“ಖಂಡಿತವಾ?” ಎಂದರು ಮಿಹಿರ್.

ಅವಳು ಪೆನ್ನಿಗೆ ಕೈ ಚಾಚಿದಳು. ಇನ್ನೊಂದು ಕೈಯಲ್ಲಿದ್ದ ಲೋಟ ವಾಲಿತು. ತಳದ ಚಹಾ ಎರಡೂ ಹಾಳೆಗಳ ಮೇಲೆ ಬಿತ್ತು. ಕೆಂಪಗಿದ್ದುದರಲ್ಲಿ ಕಲೆ ಎದ್ದು ಕಂಡಿತು.

ಅವಳು ಮಂಕಾದುದರ ಮೂಲೆಯಲ್ಲಿ ತನ್ನ ಹೆಸರು ಬರೆದು ಒಳಗೆ ಓಡಿದಳು. ಮಿಹಿರ್ ಕರ್ಚೀಫು ಹಿಡಿದು, ಆ ಹಾಳೆಯ ಮೇಲೆ ಚಹಾ ಎಲ್ಲಿ ಬಿತ್ತೆಂದು ಬಗ್ಗಿ ಹುಡುಕುತ್ತಲೇ ಇದ್ದರು.