ಜಾಣಕಿವುಡು

ಲೋಟಕ್ಕೆ ನೀರು ಬೀಳುತ್ತಿದೆ, ಬೀಳುವುದು ಕಾಣುತ್ತಿದೆ, ಸದ್ದಿಲ್ಲ, ಮಾರ್ಷಲ್ ಜಗ್ಗನ್ನು ಹಿಂದಕ್ಕೆಳೆದುಕೊಂಡು ಲೋಟದ ಮೇಲೆ ಮುಚ್ಚಳ ಇಟ್ಟ, ಅದಕ್ಕೂ ಸದ್ದಿಲ್ಲ, ಈ ಮುಚ್ಚಳ ಟಿಣ್ ಅನ್ನುತ್ತೆ, ನನಗಾಗಲ್ಲ, ಬದಲಾಯಿಸಿ ಎಂದು ಇದೇ ಮಾರ್ಷಲ್‌ನನ್ನು ಎಷ್ಟು ಸಲ ಗದರಿಲ್ಲ ನಾನು, ಬದಲಾಯಿಸಿಲ್ಲ ಪುಣ್ಯಾತ್ಮ, ಅದೇ ಸ್ಟೀಲಿನ ಮುಚ್ಚಳ, ಹಾಗಾದರೆ ಈಗಲೂ ಟಿಣ್ ಎಂದೇ ಇರಬೇಕು, ಎಲ್ಲರಿಗೂ ಕೇಳಿಸಿರಬೇಕು — ಕೆಳಗೆ ಸದನದಲ್ಲಿ ಆರೋಗ್ಯ ಮಂತ್ರಿ ಇನ್ನೂ ಮಾತಾಡುತ್ತಲೇ ಇದ್ದಾನೆ, ಸುಡುಗಾಡು ಮೀಸೆ, ಮೇಲ್ತುಟಿಯನ್ನು ಪೂರ್ತಿ ನುಂಗಿಹಾಕಿದೆ, ಮೀಸೆಯವರ ಮಾತು ಓದುವುದೆಂದರೆ ಅರ್ಧ ಇಳಿಸಿದ ಪರದೆಯ ಕೆಳಗೆ ನಾಟಕ ನೋಡಿದ ಹಾಗೆ, ಕಾಲುಗಳಷ್ಟೇ ಕಾಣುತ್ತವೆ, ಇರಲಿ, ಏನು ಹೇಳುತ್ತಾನೆಂದು ಗೊತ್ತು, ಸಣ್ಣ ಊರುಗಳ ಹೆರಿಗೆ ವಾರ್ಡುಗಳನ್ನು ಮುಚ್ಚಿ ಜಿಲ್ಲಾ ಆಸ್ಪತ್ರೆಗೆ ಸೇರಿಸುವ ಮಸೂದೆ, ದಕ್ಷತೆಯಂತೆ, ಸುಧಾರಣೆಯಂತೆ, ಈಗ ಮುಗಿಸುತ್ತಾನೆ, ಮುಗಿಸಿದ ಮೇಲೆ ನಾನು ಮತಕ್ಕೆ ಹಾಕಬೇಕು, ಹೌದು ಎನ್ನುವವರು ಹೌದು ಎನ್ನಿ, ಅಲ್ಲ ಎನ್ನುವವರು ಅಲ್ಲ ಎನ್ನಿ, ಯಾರ ಕೂಗು ದೊಡ್ಡದೋ ಅವರು ಗೆದ್ದ ಹಾಗೆ, ಯಾವುದು ದೊಡ್ಡದೆಂದು ತೀರ್ಮಾನಿಸುವುದು ಸಭಾಧ್ಯಕ್ಷರ ಕಿವಿ, ನನ್ನ ಕಿವಿ, ಈ ರಾಜ್ಯದಲ್ಲಿ ಇಷ್ಟು ಕಾಲ ಕಾನೂನು ಹುಟ್ಟಿದ್ದೆಲ್ಲ ಈ ಎರಡು ಕಿವಿಗಳ ನಡುವೆ.

ಕಿವಿ ಒಂದೇ ಸಲ ಹೋಗಲಿಲ್ಲ, ಹೇಳದೆ ಕೇಳದೆ ಮನೆ ಖಾಲಿ ಮಾಡುವ ಬಾಡಿಗೆಯವನ ಹಾಗೆ ಒಂದೊಂದೇ ಸಾಮಾನು ಎತ್ತಿಕೊಂಡು ಹೋಯಿತು, ಮೊದಲು ಕಿಟಕಿಯಾಚೆಯ ಹಕ್ಕಿಗಳು, ಆಮೇಲೆ ಫೋನಿನ ಸದ್ದು, ಆಮೇಲೆ ಹೆಂಗಸರ ದನಿ, ಕೊನೆಗೆ ನನ್ನದೇ ಮೇಜಿನ ಗಂಟೆ, ಡಾಕ್ಟರು ಯಂತ್ರ ಹಾಕಿ ನೋಡಿದರು, ನರವೇ ಸತ್ತಿದೆ ಸರ್, ಗದ್ದಲ ಕೇಳ್ಸುತ್ತೆ, ಮಾತು ಕೇಳ್ಸಲ್ಲ, ಗದ್ದಲ ಕೇಳ್ಸಿದ್ರೆ ನನ್ನ ಕೆಲಸಕ್ಕೆ ಸಾಕಲ್ಲ ಡಾಕ್ಟ್ರೇ ಎಂದೆ, ಅವರು ನಕ್ಕರು, ನಕ್ಕಿದ್ದು ಕಂಡಿತು, ಈಗ ಗದ್ದಲವೂ ಇಲ್ಲ. ಅಕ್ಕನೇ ಮೊದಲು ಹಿಡಿದದ್ದು, ಅವಳಿಂದ ಏನನ್ನು ಮುಚ್ಚಿಡಲು ಸಾಧ್ಯ, ತಿಂಡಿಗೆ ಕೂತಿದ್ದೆ, ಎದುರಿಗೆ ಕೂತು ಇನ್ನೊಂಚೂರು ಹಾಕ್ಲಾ ಎಂದಳು, ಸಾಕು ಎಂದೆ, ಮಧ್ಯಾಹ್ನ ಊಟಕ್ಕೆ ಬರ್ತೀಯಾ ಎಂದಳು, ಇಲ್ಲ ಎಂದೆ, ಸೌಟು ಕೆಳಗಿಟ್ಟು ನನ್ನನ್ನೇ ನೋಡುತ್ತಾ ಕೂತಳು, ನಾನು ಆಗ್ಲಿಂದ ದನಿ ತೆಗ್ದೇ ಇಲ್ಲ ಕಣೋ, ಬರೀ ಬಾಯಿ ಆಡಿಸ್ತಿದ್ದೀನಿ, ಬೆನ್ನ ಹಿಂದೆ ನಿಂತು ಕರೆದಾಗ ಒಂದ್ಸಲನೂ ತಿರುಗಿಲ್ಲ ನೀನು — ಅವಳು ನೂಲಿನ ಗಿರಣಿಯಲ್ಲಿ ವಯಸ್ಸು ಸವೆಸಿದವಳು, ಅಲ್ಲಿ ಯಂತ್ರಗಳ ಆರ್ಭಟದಲ್ಲಿ ಕೂಗಿ ಪ್ರಯೋಜನವಿಲ್ಲ, ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದರು, ಮೇಸ್ತ್ರಿಯನ್ನು ಅವನೆದುರಿಗೇ ಮನಸಾರೆ ಬೈಯುತ್ತಿದ್ದರು, ಅವನು ನಮಸ್ಕಾರ ಎಂದುಕೊಂಡು ಹೋಗುತ್ತಿದ್ದ, ಬಾ ಕೂತ್ಕೋ, ಅಳ್ಬೇಡ, ಕಲಿಸ್ತೀನಿ ಎಂದಳು, ನಾನೇನೂ ಅಳುತ್ತಿರಲಿಲ್ಲ, ಅತ್ತಿದ್ದೆನೇನೋ, ಹೌದು ಅನ್ನುವಾಗ ದವಡೆ ಬೀಳುತ್ತದೆ, ಆಮೇಲೆ ತುಟಿ ಮುದುಡುತ್ತದೆ, ಅಲ್ಲ ಅನ್ನುವಾಗ ಬಾಯಿ ತೆರೆದೇ ಇರುತ್ತದೆ, ನಾಲಿಗೆಯ ತುದಿ ಮೇಲಕ್ಕೆ ಹೋಗಿ ಬರುತ್ತದೆ, ನಿನ್ನ ಕೆಲಸಕ್ಕೆ ಬೇಕಾಗಿರೋದು ಇವೆರಡೇ ತಾನೇ ಎಂದಳು.

ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಯಾಕೆಂದರೆ ಇಡೀ ಸದನ ನನ್ನನ್ನು ಕರೆಯುವುದೇ ಜಾಣಕಿವುಡ ಎಂದು, ಎದುರಿಗೆ ಮಾನ್ಯ ಅಧ್ಯಕ್ಷರೇ, ಬೆನ್ನ ಹಿಂದೆ ಜಾಣಕಿವುಡ, ಕಿವಿ ಚುರುಕಾಗಿದ್ದಾಗ ಗಳಿಸಿದ ಬಿರುದು ಅದು, ಹಿಂದಿನ ಸಾಲಿನ ಪಿಸುಮಾತೂ ನನಗೆ ಬೀಳುತ್ತಿದ್ದ ಕಾಲ, ಕೇಳಿಸಬಾರದ್ದು ಮಾತ್ರ ಕೇಳಿಸುತ್ತಿರಲಿಲ್ಲ, ಅಷ್ಟೇ, ಧ್ವನಿಮತ ಸಾಲದು, ತಲೆ ಎಣಿಸಿ ಎಂದು ವಿರೋಧ ಪಕ್ಷದವರು ಗಂಟಲು ಹರಿದುಕೊಳ್ಳುತ್ತಿದ್ದರು, ನನಗೆ ಕೇಳಿಸಲಿಲ್ಲ ಎಂದು ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ, ನಿಯಮದಲ್ಲಿದೆ, ಅಧ್ಯಕ್ಷರ ಕಿವಿಗೆ ಬಿದ್ದರೆ ಅದು ಬೇಡಿಕೆ, ಬೀಳದಿದ್ದರೆ ಬರೀ ಗಾಳಿ, ಮುಖ್ಯಮಂತ್ರಿಗಳು ಬಂದರು ಹೋದರು, ಸರ್ಕಾರಗಳು ಬಿದ್ದವು ಎದ್ದವು, ಈ ಕುರ್ಚಿಯಲ್ಲಿ ಮಾತ್ರ ನಾನೇ, ಯಾರ ಮಸೂದೆ ಊಟಕ್ಕೆ ಮುಂಚೆ, ಯಾರದು ಊಟವಾಗಿ ಎಲ್ಲರೂ ತೂಕಡಿಸುವ ಹೊತ್ತಿಗೆ, ಯಾರದು ಈ ಅಧಿವೇಶನಕ್ಕೇ ಬೇಡ, ಎಲ್ಲ ನನ್ನ ಕೈಯಲ್ಲಿ, ಮಂತ್ರಿಗಳು ನನ್ನ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು, ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ, ವಿರೋಧ ಪಕ್ಷದ ನಾಯಕ ಗುಡುಗು — ಅವನ ಗಂಟಲಿಗೆ ನಾನಿಟ್ಟ ಹೆಸರು, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ — ಬೆಳಗಿನ ಜಗಳ ಮುಗಿಸಿ ಚಹಾಕ್ಕೆ ಬಂದು ಕೂತಾಗ, ನಿಮ್ಮ ಜಾಣಕಿವುಡಿಗೆ ಮದ್ದೇ ಇಲ್ವಾ ಸರ್ ಎನ್ನುತ್ತಿದ್ದ, ಇದೆಯಪ್ಪ, ಚುನಾವಣೆ ಗೆದ್ದು ಈ ಕಡೆ ಬಂದು ಕೂತ್ಕೋ, ಎಲ್ಲಾ ಕೇಳ್ಸುತ್ತೆ ಎನ್ನುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ಇವತ್ತು ಅವನೂ ಅವನ ಕಡೆಯವರೂ ಬಾಯಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬಂದು ಕೂತಿದ್ದಾರೆ, ಪ್ರತಿಭಟನೆ, ಬಿಚ್ಚಿಸಿ ಬಿಚ್ಚಿಸಿ ಎಂದು ಆಡಳಿತ ಪಕ್ಷದವರು ಎದ್ದು ನಿಂತರು, ಕಟ್ಟಿಕೊಳ್ಳಲಿ ಬಿಡಿ, ಒಂದು ದಿನವಾದರೂ ಸದನ ತಣ್ಣಗಿರುತ್ತದೆ ಎಂದೆ, ಎಲ್ಲರ ಹೆಗಲು ಕುಲುಕಿದವು, ನಾನೂ ಬೀಗಿದೆ, ಆಗ ಹೊಳೆಯಲೇ ಇಲ್ಲ, ಎಂಥ ಪೆದ್ದ ನಾನು, ಬಟ್ಟೆಯ ಹಿಂದಿರುವ ಬಾಯಿ ನನಗೆ ಬೇಕಿತ್ತು.

ಅಕ್ಕ ಬಂದಿದ್ದಾಳೆ, ಮೇಲೆ ಪ್ರೇಕ್ಷಕರ ಗ್ಯಾಲರಿಯಲ್ಲಿ, ಗಾಜಿನ ಹಿಂದೆ, ಯಾರೋ ಅಲ್ಲಿಂದ ಚಪ್ಪಲಿ ಎಸೆದ ಮೇಲೆ ನಾನೇ ಹಾಕಿಸಿದ ಗಾಜು, ಎಂದೂ ಬರದವಳು, ಟಿವಿಲಿ ನೋಡ್ತೀನಲ್ಲ ನಿನ್ನ ಮುಖನ, ಅಲ್ಲಿಗೂ ಬರ್ಬೇಕಾ ಎನ್ನುವವಳು, ಇವತ್ತು ನನಗಿಂತ ಮೊದಲೇ ಕಾರಿನಲ್ಲಿ ಕೂತಿದ್ದಳು, ಬೆಳಿಗ್ಗೆ ಮುಖ್ಯಮಂತ್ರಿಯ ಫೋನು ಬಂದಿತ್ತು, ಮನೆಯಲ್ಲಿ ನನ್ನ ಫೋನೆಂದರೆ ಅಕ್ಕನೇ, ಅವಳು ಸ್ಪೀಕರಿನಲ್ಲಿ ಹಾಕಿಕೊಂಡು ಕೇಳಿ ತುಟಿಯಲ್ಲಿ ನನಗೆ ಹೇಳುತ್ತಾಳೆ, ನಾನು ಫೋನಿಗೆ ಉತ್ತರ ಕೊಡುತ್ತೇನೆ, ಮುಖ್ಯಮಂತ್ರಿಯ ಮಾತು ಅಕ್ಕನ ಬಾಯಿಯಲ್ಲಿ, ಧ್ವನಿಮತದಲ್ಲೇ ಮುಗಿಸ್ಬಿಡಿ ಅಣ್ಣ, ತಲೆ ಎಣಿಸಿದ್ರೆ ನಮ್ಮ ಹಿಂದಿನ ಸಾಲಿನವರೇ ಕೈ ಕೊಡ್ತಾರೆ, ನಿಮ್ಮ ಆ ಹಳೇ ಜಾಣಕಿವುಡು ಇದೆಯಲ್ಲ, ಅದನ್ನೊಂಚೂರು ತೆಗೀರಿ — ಆಯ್ತು ನೋಡೋಣ ಎಂದೆ, ಅಕ್ಕ ಫೋನು ಇಟ್ಟು ಒಳಗೆ ಹೋದಳು, ಮುಚ್ಚುವ ಆ ವಾರ್ಡುಗಳಲ್ಲಿ ನಮ್ಮ ಗಿರಣಿ ಬೀದಿಯದೂ ಇದೆ, ಅಮ್ಮ ಹೋದಾಗ ಅದು ಇರಲಿಲ್ಲ, ದೊಡ್ಡ ಆಸ್ಪತ್ರೆಗೆ ಹೊರಟ ಲಾರಿಯಲ್ಲೇ ಹೋದಳು ಅಮ್ಮ, ಹೊಟ್ಟೆಯ ಕೂಸೂ ಹೋಯಿತು, ಆಗ ಅಕ್ಕ ಇನ್ನೂ ಹುಡುಗಿ, ಲಾರಿಯ ಹಿಂದೆ ಓಡಿದ್ದಳಂತೆ, ನನ್ನನ್ನು ಸೊಂಟಕ್ಕೇರಿಸಿಕೊಂಡವಳು ಇವತ್ತಿಗೂ ಇಳಿಸಿಲ್ಲ, ಕಾರಿನಲ್ಲಿ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು, ಪಾಸ್ ಮಾಡು, ಮಾಡ್ಬೇಡ ಅಂತ ನಾನು ಹೇಳಲ್ಲ, ಅದು ಅವರೆಲ್ಲರ ಕೆಲಸ, ಕೇಳ್ಸಿದ್ರೆ ಕೇಳಿಸ್ತು ಅನ್ನು, ಕೇಳ್ಸದೇ ಇದ್ರೆ ಇಳಿ.

ಇಳಿ — ಅವಳಿಗೆ ಹೊಸ ಮಾತಲ್ಲ ಅದು, ಬಸ್ ನಿಲ್ದಾಣದಲ್ಲಿ ಹೇಳಿದ್ದಳು, ಗುಮಾಸ್ತನ ಕೆಲಸದ ಸಂದರ್ಶನಕ್ಕೆ ಹೊರಟಿದ್ದೆ, ಅವಳ ಸಂಬಳದಲ್ಲಿ ಹೊಲಿಸಿದ ಅಂಗಿ, ಕಂಕುಳಲ್ಲಿ ಬಿಗಿ, ಕಿಟಕಿಯ ಗಾಜು ಸಿಕ್ಕಿಹಾಕಿಕೊಂಡು ಸರಿಯಲಿಲ್ಲ, ಬಸ್ಸು ಹೊರಟಿತು, ಅಕ್ಕ ಪಕ್ಕದಲ್ಲೇ ಓಡುತ್ತಾ ಬಂದಳು, ಅಂಗೈಯಿಂದ ಗಾಜು ಬಡಿಯುತ್ತಾ, ತುಟಿ ಅಗಲ ಮಾಡಿ, ಹಲ್ಲೆಲ್ಲ ಕಾಣುತ್ತಾ, ನಗುತ್ತಿದ್ದಾಳೆ ಎಂದುಕೊಂಡೆ, ಎಷ್ಟು ಖುಷಿ ಇವಳಿಗೆ ಎಂದುಕೊಂಡು ಜೋರಾಗಿ ತಲೆ ಆಡಿಸಿದೆ, ಬಸ್ಸು ಬೇರೆ ಊರಿನದು, ಇಳಿ ಅನ್ನುವಾಗ ತುಟಿ ಹಾಗೇ ಅಗಲವಾಗುತ್ತದೆ, ನಕ್ಕ ಹಾಗೇ, ಇಳಿ ಇಳಿ ಅಂತ ಬಾಯಿ ಬಡ್ಕೊಂಡೆ, ಕೋಲೆಬಸವನ ಹಾಗೆ ತಲೆ ಆಡಿಸ್ಕೊಂಡು ಹೋದ್ಯಲ್ಲೋ ಎಂದು ಆಮೇಲೆ ಬೈದಳು, ಹೋದೆ, ಗೊತ್ತಿಲ್ಲದ ಊರಿನಲ್ಲಿ ನೀರು ಕೇಳಲು ಹೊಕ್ಕ ಬಾಗಿಲು ಪಕ್ಷದ ಕಚೇರಿಯದು, ಗಟ್ಟಿಯಾಗಿ ಓದೋರು ಯಾರಾದ್ರೂ ಇದ್ದೀರಾ ಎಂದರು ಗಂಟಲು ಕಟ್ಟಿದ ಮುದುಕರೊಬ್ಬರು, ನಾನು ಠರಾವು ಓದಿದೆ, ಯಾರಪ್ಪ ಇವನು ಎಂದರು, ಅಲ್ಲಿಂದ ಇಲ್ಲಿಗೆ, ತಪ್ಪು ಬಸ್ಸು ಹತ್ತಿ ಸರಿಯಾದ ಕುರ್ಚಿಗೆ ಬಂದವನು ನಾನು ಎಂದು ಸನ್ಮಾನದ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇನೆ, ಅಕ್ಕ ಮಾತ್ರ ತಟ್ಟುವುದಿಲ್ಲ.

ಮೀಸೆ ನಿಂತಿತು, ಮಂತ್ರಿ ಕೂತ, ಕೆಳಗಿನ ಮೇಜಿನಿಂದ ಕಾರ್ಯದರ್ಶಿ ತಲೆ ಎತ್ತಿ ನನ್ನತ್ತ ನೋಡಿದಳು, ಈಗ ನೀವು ಎಂದು, ಮೈಕಿನತ್ತ ಬಗ್ಗಿದೆ, ನನ್ನ ದನಿ ನನಗೆ ಎದೆಯಲ್ಲಿ ನಡುಗುತ್ತದೆ, ಅಷ್ಟೇ, ಹೌದು ಎನ್ನುವವರು ಹೌದು ಎನ್ನಿ, ಬಲಗಡೆ ದವಡೆಗಳು ಬಿದ್ದವು, ತುಟಿಗಳು ಮುದುಡಿದವು, ಮುಂದಿನ ಸಾಲು ಪೂರ್ತಿ, ಅದರ ಹಿಂದಿನದು ಪೂರ್ತಿ, ಕೊನೆಯ ಸಾಲು — ಕೊನೆಯ ಸಾಲಿನಲ್ಲಿ ಬಾಯಿಗಳು ಮುಚ್ಚಿವೆ, ಒಬ್ಬ ಚಾವಣಿ ನೋಡುತ್ತಿದ್ದಾನೆ, ಒಬ್ಬಳು ಕನ್ನಡಕ ಒರೆಸುತ್ತಿದ್ದಾಳೆ, ಅಲ್ಲ ಎನ್ನುವವರು ಅಲ್ಲ ಎನ್ನಿ, ಎಡಗಡೆ ಕಪ್ಪು ಬಟ್ಟೆಗಳು, ಬಟ್ಟೆ ಉಬ್ಬಿತು, ಒಳಕ್ಕೆ ಹೋಯಿತು, ಮತ್ತೆ ಉಬ್ಬಿತು, ಗುಡುಗಿನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿದೆ, ಅಲ್ಲ ಎನ್ನುತ್ತಿದ್ದಾನೋ, ತಲೆ ಎಣಿಸಿ ಎನ್ನುತ್ತಿದ್ದಾನೋ, ನನ್ನ ಜನ್ಮ ಜಾಲಾಡುತ್ತಿದ್ದಾನೋ, ಬಟ್ಟೆಯನ್ನು ಓದುವುದು ಅಕ್ಕ ಕಲಿಸಿಲ್ಲ, ಕೊನೆಯ ಸಾಲಿನ ಕನ್ನಡಕದವಳ ನಾಲಿಗೆಯ ತುದಿ ಮೇಲಕ್ಕೆ ಹೋಗಿ ಬಂತು, ಕಂಡೆ, ಪಕ್ಕದವನದೂ, ಗಟ್ಟಿಯಾಗಿಯೋ ಮೆಲ್ಲಗೋ ಯಾರಿಗೆ ಗೊತ್ತು, ಬಾಯಿ ಎಷ್ಟು ತೆರೆಯಿತೆಂದು ಕಾಣುತ್ತದೆ, ಎಷ್ಟು ಕೂಗಿತೆಂದು ಕಾಣುವುದಿಲ್ಲ, ಮುಖ್ಯಮಂತ್ರಿ ನನ್ನತ್ತ ನೋಡಿ ಸಣ್ಣಗೆ ತಲೆ ಆಡಿಸಿದ, ಅಭ್ಯಾಸಬಲ, ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು, ಹೌದು ಎನ್ನುವವರ ಪರ ಇದೆ ಎಂದು ತೋರುತ್ತದೆ — ತೋರುತ್ತದೆ ಎಂದರೆ ಇನ್ನೂ ಆಗಿಲ್ಲ, ತೋರುತ್ತದೆ ತೆಗೆದು ಇನ್ನೊಂದು ಸಲ ಹೇಳಿದರೆ ಆಯಿತು, ವಾರ್ಡು ಮುಚ್ಚಿತು, ನಾಳೆ ಪೇಪರಿನಲ್ಲಿ ಜಾಣಕಿವುಡನ ಇನ್ನೊಂದು ಕೈಚಳಕ, ಯಾರಿಗೂ ಗೊತ್ತಾಗುವುದಿಲ್ಲ, ಒಬ್ಬಳಿಗೆ ಗೊತ್ತಾಗುತ್ತದೆ, ಲಾರಿಯ ಹಿಂದೆ ಓಡಿದವಳು, ಬಸ್ಸಿನ ಪಕ್ಕ ಓಡಿದವಳು, ಅವಳಿಗೆ ಇನ್ನು ಓಡಲು ಕಾಲಿಲ್ಲ.

ನನಗೆ ಕೇಳಿಸಲಿಲ್ಲ ಎಂದೆ, ಮೈಕಿನಲ್ಲಿ, ಹೆಗಲುಗಳು ಕುಲುಕಿದವು, ಆಡಳಿತದವರು ಮೇಜು ಬಡಿದರು, ಗುಡುಗು ಬಟ್ಟೆಯನ್ನು ಗಲ್ಲಕ್ಕೆ ಎಳೆದುಕೊಂಡ, ಈಗ ಬಾಯಿ ಕಂಡಿತು, ಚೆನ್ನಾಗಿ ಓದಿದೆ, ಬಂತು ನೋಡ್ರಪ್ಪ ಜಾಣಕಿವುಡು, ಅವನ ತಪ್ಪಿಲ್ಲ, ಎದ್ದು ನಿಂತೆ, ಅಧ್ಯಕ್ಷರು ಎದ್ದರೆ ಸದನ ಕೂರಬೇಕು, ಕೂತರು, ಇಲ್ರಪ್ಪ, ಇದು ಅದಲ್ಲ, ನಿಜವಾಗಿ ಕೇಳಿಸಲಿಲ್ಲ, ನನಗೆ ಕಿವಿ ಹೋಗಿ ಬಹಳ ಕಾಲವಾಯಿತು, ತಲೆ ಎಣಿಸಲಿ, ಉಪಾಧ್ಯಕ್ಷರು ಬಂದು ಎಣಿಸಲಿ — ನಗು ಒಂದೊಂದೇ ಮುಖದಿಂದ ಇಳಿದುಹೋಯಿತು, ಮುಖ್ಯಮಂತ್ರಿಯ ದವಡೆ ಬಿತ್ತು, ತುಟಿ ಮುದುಡಲಿಲ್ಲ, ಕಾರ್ಯದರ್ಶಿಯ ಪೆನ್ನು ನಿಂತಿದೆ, ಗುಡುಗು ಮತ್ತೆ ಎದ್ದ, ಬೈಯಲಿಕ್ಕಲ್ಲ, ಈ ಕುರ್ಚಿಗೆ ಮೆಟ್ಟಿಲುಗಳಿವೆ, ಹತ್ತಿದ್ದು ನೆನಪಿದೆ, ದಿನಾ ಇಳಿದಿದ್ದೇನೆ, ಇಳಿದದ್ದು ಒಂದೂ ನೆನಪಿಲ್ಲ, ಕಾಲು ಕೆಳಗಿಟ್ಟೆ, ಮಾರ್ಷಲ್ ಕೈ ಚಾಚಿದ, ಬೇಡಪ್ಪ ಎಂದೆ, ತಲೆ ಎತ್ತಿದೆ, ಮೇಲೆ ಗಾಜು, ಗಾಜಿನ ಹಿಂದೆ ಅಕ್ಕ ಎದ್ದು ನಿಂತಿದ್ದಾಳೆ, ಅಂಗೈ ಗಾಜಿಗೆ ಒತ್ತಿದ್ದಾಳೆ, ತುಟಿ ಅಗಲವಾಗಿದೆ, ಹಲ್ಲು ಕಾಣುತ್ತಿದೆ, ಇಳಿ ಎನ್ನುತ್ತಿದ್ದಾಳೋ, ಇಳಿಯುತ್ತಿದ್ದೇನಲ್ಲ ಅಕ್ಕಾ, ನಗುತ್ತಿದ್ದಾಳೋ, ಇಷ್ಟು ದೂರಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಗಾಜು, ಅಂಗೈ, ಅಗಲವಾದ ತುಟಿ, ಗಾಜಿನ ಹಿಂದೆ ಅಕ್ಕನ ಹಲ್ಲು —