ದಸ್ತಗಿರಿ ಎಂದರೆ ಕೈಹಿಡಿಯುವುದು

ನಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಪದಗಳ ಮೂಲದ ಬಗ್ಗೆ ಬರೆಯುವ ಮಹಾಶಯರೊಬ್ಬರಿದ್ದರು. ಎದುರಿಗೆ ‘ಪಂಡಿತರೇ’ ಎನ್ನುತ್ತಿದ್ದೆವು, ಬೆನ್ನ ಹಿಂದೆ ‘ಪದಪುಡಿ’. ಮಾಲೀಕರು ಕೆಮ್ಮಿದರೆ ಆ ಕೆಮ್ಮಿಗೂ ಧಾತು ಹುಡುಕಿಕೊಡುವ ಪ್ರಾಣಿ ಅದು.

ಕೆಲಸದವರ ಕೈಯನ್ನೇ ಕತ್ತರಿಸುತ್ತಿದ್ದ ಕಾಗದದ ಯಂತ್ರಕ್ಕೆ ತಡೆಕಂಬಿ ಹಾಕಿಸಿ ಎಂದು ಮುದ್ರಣ ವಿಭಾಗದವರು ಕೆಲಸ ನಿಲ್ಲಿಸಿದರು. ಮಾಲೀಕರು ದೂರು ಕೊಟ್ಟು ಹಿರಿಯ ಮೆಷಿನ್‌ಮನ್‌ನನ್ನು ಪೊಲೀಸರಿಂದ ಹಿಡಿಸಿ, ಉಳಿದವರನ್ನು ಬೆದರಿಸಿ ಕೆಲಸಕ್ಕೆ ಇಳಿಸಿದರು. ಊರೆಲ್ಲ ಉಗಿಯಿತು. ಪಂಡಿತರಿಗೆ ಕರೆ ಹೋಯಿತು.

ಮರುದಿನವೇ ಅಂಕಣ ಬಂತು. ಜೈಲು ಇಂಗ್ಲಿಷಿನದಂತೆ, ಕೈದಿ ಅರಬ್ಬಿಯದಂತೆ, ಅದರ ಬುಡದಲ್ಲೇ ಸಂಕೋಲೆ ಇದೆಯಂತೆ. ಆದರೆ ದಸ್ತಗಿರಿ ಪಾರಸಿಯ ಸಭ್ಯ ಪದ. ದಸ್ತ್ ಎಂದರೆ ಕೈ. ಬಿದ್ದವರ ಕೈಹಿಡಿದು ಎತ್ತುವವನೂ ದಸ್ತಗೀರನೇ. ಆದ್ದರಿಂದ ನಮ್ಮ ನೌಕರನಿಗೆ ಆದದ್ದು ಅವಮಾನವಲ್ಲ, ಆಸರೆ!

ಕರಡು ತಿದ್ದುವ ನನಗೆ ಮೈಗೆ ಜಿಡ್ಡು ಮೆತ್ತಿದಂತಾಯಿತು.

ಮಧ್ಯಾಹ್ನ ಮೆಷಿನ್‌ಮನ್‌ನ ಹೆಂಡತಿ ಪತ್ರಿಕೆ ಹಿಡಿದು ಬಂದಳು. “ಇದನ್ನ ಬರೆದೋರು ಯಾರು?”

ನಮ್ಮೆಲ್ಲರ ಬೆರಳು ಒಂದೇ ಕೋಣೆ ತೋರಿಸಿದವು.

ಪಂಡಿತರು ಕುರ್ಚಿಯಲ್ಲಿ ಕೂತೇ ಶುರುಮಾಡಿದರು. “ನೋಡಮ್ಮ, ಸೆರೆ ಅನ್ನೋದು ಅಚ್ಚ ಕನ್ನಡ. ತಡೆಯೋದು ಅಂತ...”

“ನನ್ನ ಗಂಡನ್ನ ಮೂರು ಜನ ಕೊರಳಪಟ್ಟಿ ಹಿಡಿದು ಎಳ್ಕೊಂಡು ಹೋದ್ರು ಸ್ವಾಮಿ. ಕೈ ಯಾರೂ ಹಿಡೀಲಿಲ್ಲ.”

“ಅದು ಘಟನೆ. ನಾನು ಹೇಳ್ತಿರೋದು ಅರ್ಥ.”

ಅವಳು ಪತ್ರಿಕೆಯನ್ನು ಅವರ ಮೇಜಿನ ಮೇಲಿಟ್ಟಳು. ಹೊರಬಂದು ಬಾಗಿಲೆಳೆದು ಚಿಲಕ ಹಾಕಿದಳು. ಸ್ಟೂಲ್ ಎಳೆದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

“ಏಯ್! ತೆಗಿಯೇ! ಇದು ಅಕ್ರಮ ಬಂಧನ! ಜೈಲಿಗೆ ಹಾಕಿಸ್ತೀನಿ!” ಒಳಗಿನಿಂದ ಕೂಗು. ಪಾರಸಿಯ ಸಭ್ಯ ಪದ ಬಾಯಿಗೆ ಬರಲೇ ಇಲ್ಲ.

“ಅಣ್ಣಂದಿರಾ, ಯಾರಿಗಾದ್ರೂ ತೆಗೀಬೇಕು ಅನ್ನಿಸಿದ್ರೆ ಬನ್ನಿ, ಏಳ್ತೀನಿ,” ಎಂದಳು. ಯಾರೂ ಮಿಸುಕಲಿಲ್ಲ. ಜಾಹೀರಾತಿನವನಿಗೆ ಇದ್ದಕ್ಕಿದ್ದಂತೆ ಟೀ ನೆನಪಾಯಿತು.

ಮಾಲೀಕರು ಧಾವಿಸಿ ಬಂದು, “ಇವಳನ್ನೂ ಒಳಗೆ ಹಾಕ್ಸಿ!” ಎಂದು ಗುಡುಗಿದರು. ಅಷ್ಟರಲ್ಲಿ ಮುದ್ರಣದವರೆಲ್ಲ ಮೆಟ್ಟಿಲೇರಿ ಬಂದು ಅವಳ ಪಕ್ಕ ನಿಂತಿದ್ದರು. ಮಾಲೀಕರು ಅವರ ಮುಖ ನೋಡಿದರು, ನಾಳೆ ಪತ್ರಿಕೆ ಬರುವುದಿಲ್ಲವೆಂದು ತಿಳಿದು ಫೋನೆತ್ತಿ ದೂರು ಹಿಂತೆಗೆದುಕೊಂಡರು. ತಡೆಕಂಬಿಗೂ ಒಪ್ಪಿದರು.

ಸಂಜೆ ಮೆಷಿನ್‌ಮನ್ ಹರಿದ ಅಂಗಿಯಲ್ಲೇ ಬಂದ. “ಇಲ್ಲೇನು ಮಾಡ್ತಿದ್ದೀಯೇ?”

“ಸುಮ್ನೆ ಕೂತಿದ್ದೆ. ನಡೀರಿ, ಮಕ್ಕಳು ಕಾಯ್ತಿವೆ.” ಅವನ ತೋಳು ಹಿಡಿದು ಇಳಿದುಹೋದಳು.

ಚಿಲಕವನ್ನು ಮಾಲೀಕರೇ ತೆಗೆಯಬೇಕಾಯಿತು. ಬೆವೆತು ತೊಪ್ಪೆಯಾಗಿ ಹೊರಬಂದ ಪಂಡಿತರು ನಮ್ಮತ್ತ ತಿರುಗಿಯೂ ನೋಡದೆ, ಮಾಲೀಕರಿಗೆ ಕೈಮುಗಿದು ಕೇಳಿದರು:

“ಮುಂದಿನ ವಾರ ‘ಔದಾರ್ಯ’ದ ಬಗ್ಗೆ ಬರೀಲಾ ಸರ್?”